ನಡಿಗೆಯ ಗುರುತು

ಕಿಟಕಿಯ ಪರದೆ ಸರಿಸಿ ನೋಡಿದ ಹೆಸ್ಟರ್ ತಟ್ಟನೆ ಹಿಂದೆ ಸರಿದಳು. ಎದುರಿನ ದೀಪದ ಕಂಬದ ಹತ್ತಿರ ನಿಂತಿದ್ದ ಪೊಲೀಸ್ ಏಮಸ್. ಹೋಗಿ ಹೋಗಿ ಅವನನ್ನೇ ಕಾವಲಿಗೆ ಹಾಕಬೇಕೇ?

ಹೆಂಗಸರಿಗೂ ಓಟು ಕೊಡಿ ಎಂದು ಕೂಗಿದ್ದಕ್ಕೆ ಅವಳನ್ನು ಲೀಡ್ಸ್ ಜೈಲಿಗೆ ತಳ್ಳಿದ್ದರು. ಅಲ್ಲಿ ಉಪವಾಸ ಕೂತಳು. ಮೂಗಿಗೆ ರಬ್ಬರ್ ಕೊಳವೆ ತುರುಕಿ ಹಾಲು ಸುರಿದರು. ಪ್ರಾಣ ಹೋಗುವ ಹಾಗಾದಾಗ ಹೊರಗೆ ಬಿಟ್ಟರು. ಚೇತರಿಸಿಕೊಂಡ ಮೇಲೆ ಮತ್ತೆ ಹಿಡಿದೊಯ್ಯುವುದಂತೆ, ಎಂಥ ಕರುಣೆಯ ಕಾನೂನು! ಗಡುವು ಇವತ್ತಿಗೆ ಮುಗಿದಿತ್ತು. ಇನ್ನೊಂದು ಸಲ ಆ ಕೊಳವೆ ಹಾಕಿದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು.

ಗೆಳತಿಯರು ಉಪಾಯ ಹೂಡಿದ್ದರು. ಎಲ್ಲರಿಗೂ ಒಂದೇ ಥರದ ಕರಿ ಕೋಟು, ಒಂದೇ ಥರದ ಹ್ಯಾಟು, ಮುಖ ಮುಚ್ಚುವ ಜಾಲರಿ ಬಟ್ಟೆ. ಒಟ್ಟಿಗೆ ಹೊರಬಿದ್ದು ದಿಕ್ಕಿಗೊಬ್ಬರು ನಡೆದುಬಿಡುವುದು. ಯಾರು ಯಾರೆಂದು ಯಾವ ಪೊಲೀಸನಿಗೂ ತಿಳಿಯದು.

ಏಮಸ್‌ಗೆ ತಿಳಿಯುತ್ತದೆ. ಗಿರಣಿಯಲ್ಲಿ ಪೆಟ್ಟಾದ ಅವಳ ಎಡಗಾಲು ನಡೆಯುವಾಗ ತುಸು ಎಳೆಯುತ್ತದೆ. ಕಾಲುವೆ ದಂಡೆಯಲ್ಲಿ ಜೊತೆಯಾಗಿ ಸುತ್ತುತ್ತಿದ್ದ ದಿನಗಳಲ್ಲಿ ಅವನು ಅದನ್ನು ಅಣಕಿಸುತ್ತಿದ್ದ. ಅವಳು ಮುನಿಸಿಕೊಂಡರೆ ಓರೆಗಣ್ಣಲ್ಲಿ ನೋಡಿ ನಗುತ್ತಿದ್ದ.

"ಸಾವಿರ ಜನದ ಮಧ್ಯೆ ಬಿಟ್ರೂ ನಿನ್ನ ನಡಿಗೆ ಗುರುತು ಹಿಡೀತೀನಿ ಕಣೆ."

ಅಂದು ಆ ಮಾತಿಗೆ ಕೆನ್ನೆ ಕೆಂಪಾಗಿತ್ತು. ಇಂದು ಅದೇ ಮಾತು ಹೆದರಿಸುತ್ತಿತ್ತು. ಓಟಿನ ವಿಷಯಕ್ಕೇ ಜಗಳವಾಡಿ ದೂರವಾದವರು. ಈಗ ಅವನಿಗೆ ಇವಳದು ಯಾವ ಋಣ?

ಬಾಗಿಲು ತೆರೆಯಿತು. ಕರಿ ಕೋಟುಗಳು ಮೆಟ್ಟಿಲಿಳಿದವು. ಹೊರಗೆ ಕಾದಿದ್ದ ಇನ್‌ಸ್ಪೆಕ್ಟರ್ ತಬ್ಬಿಬ್ಬಾಗಿ, ನಿನಗೆ ಪರಿಚಯವಲ್ಲವೇ, ಇವರಲ್ಲಿ ಹೆಸ್ಟರ್ ಯಾರು ತೋರಿಸು ಎಂದು ಏಮಸ್‌ನ ತೋಳು ಅಲುಗಿಸಿದ.

ಏಮಸ್ ಒಬ್ಬೊಬ್ಬರ ಕಾಲನ್ನೇ ನೋಡುತ್ತ ಬಂದ. ನೋಟ ಹೆಸ್ಟರ್‌ಳ ಬೂಟಿನ ಮೇಲೆ ನಿಂತಿತು.

"ಅಗೋ, ಆ ಎತ್ತರದವಳು ಸಾರ್," ಎಂದು ಅವನು ಬೀದಿಯ ಆಚೆ ತುದಿಗೆ ಕೈ ತೋರಿಸಿದ.

ಇನ್‌ಸ್ಪೆಕ್ಟರ್ ಅತ್ತ ಓಡಿದ. ಹೆಸ್ಟರ್ ಕಂಬದ ಪಕ್ಕದಲ್ಲೇ ಹಾಯಬೇಕಿತ್ತು.

"ನಿನ್ ಕೆಲ್ಸ ಹೋಗುತ್ತೆ," ಎಂದಳು ಜಾಲರಿಯೊಳಗಿಂದ.

"ಹೋಗ್ಲಿ. ನೀನು ಉಳ್ಕೋ, ಅಷ್ಟು ಸಾಕು ನಂಗೆ." ಅವನು ಅವಳತ್ತ ತಿರುಗಲಿಲ್ಲ. "ಮೂಲೇಲಿ ಇನ್ನೊಬ್ಬ ಇದಾನೆ. ಅವನಿಗೂ ನಿನ್ನ ಕಾಲಿನ ವಿಷ್ಯ ಗೊತ್ತು. ಎಳೀಬೇಡ ಕಣೆ."

ಹೆಸ್ಟರ್ ಹಲ್ಲು ಕಚ್ಚಿ ಎಡಗಾಲನ್ನು ಎತ್ತಿ ಇಟ್ಟಳು. ನೋವು ಸೊಂಟದವರೆಗೂ ಹತ್ತಿತು. ಮೂಲೆಯವನು ಅವಳ ಬೂಟುಗಳನ್ನು ದಿಟ್ಟಿಸಿ ನೋಡಿ, ದಾರಿ ಬಿಟ್ಟ.

ತಿರುಗಿ ನೋಡುವ ಹಾಗಿರಲಿಲ್ಲ. ಮೂಲೆಯ ಪೊಲೀಸನನ್ನು ದಾಟಿ ತಿರುವಿಗೆ ಬಂದಾಗ, ದೂರದ ಕಂಬದ ಹತ್ತಿರ ನಿಂತವನಿಗೆ ಮಾತ್ರ ಕಾಣುವಂತೆ, ಒಂದೇ ಒಂದು ಸಲ ಎಡಗಾಲು ಎಳೆದಳು.