ಆಳಂದದ ಚರ್ಚಿನ ಜಪಸರ

ನಾನು ಆಳಂದದ ಚರ್ಚಿನಲ್ಲಿ ಉಪದೇಶಿಯಾಗಿದ್ದೆ. ಪಾದ್ರಿಗಳು ಕಲಬುರ್ಗಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳ ಬೆಳಿಗ್ಗೆ ಜಪಸರ ಹೇಳಿಸುವುದು ನನ್ನ ಕೆಲಸ. ಪ್ರಾರ್ಥನೆಯ ಮೊದಲರ್ಧ ನಾನು ಹೇಳಿದರೆ ಉಳಿದರ್ಧವನ್ನು ಜನ ಹೇಳುತ್ತಿದ್ದರು.

೧೯೪೩ರ ಕ್ರಿಸ್‌ಮಸ್‌ಗೆ ನಲವತ್ತು ಮಂದಿ ಸೇರಿದ್ದರು. ಬೇಸಿಗೆಯಲ್ಲಿ ಕಾಲರಾ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಕೆಲವರು ಸತ್ತು, ಕೆಲವರು ಊರು ಬಿಟ್ಟು, ಬೆಂಚುಗಳು ಬರಿದಾದವು. ಜನ ಕಡಿಮೆಯಾದರೂ ಪ್ರಾರ್ಥನೆಯ ದನಿ ಮಾತ್ರ ಕಡಿಮೆಯಾಗಲಿಲ್ಲ. ಗೋಡೆಯ ಪ್ರತಿಧ್ವನಿ ಇರಬೇಕೆಂದುಕೊಂಡೆ. ಆದರೆ ಖಾಲಿ ಬೆಂಚು ಮುಟ್ಟಿದರೆ, ಆಗತಾನೇ ಯಾರೋ ಎದ್ದುಹೋದಂತೆ ಬೆಚ್ಚಗಿರುತ್ತಿತ್ತು.

ನವೆಂಬರಿನಲ್ಲಿ, ಸತ್ತವರ ಸ್ಮರಣೆಯ ದಿನ, ಮುದುಕಿ ಭಾಗಮ್ಮ ಒಬ್ಬಳೇ ಬಂದಿದ್ದಳು. ಅವಳ ಮಗಳು ಲೂರ್ದಮ್ಮ ಕಾಲರಾದಲ್ಲಿ ತೀರಿಕೊಂಡಿದ್ದಳು. ನಾನು ಜಪಸರ ಶುರು ಮಾಡಿದೆ. ಉಳಿದರ್ಧವನ್ನು ನಲವತ್ತು ಜನರ ದನಿ ಹೇಳಿತು. ನಡುವೆ ಲೂರ್ದಮ್ಮನ ಎಂದಿನ ಕೆಮ್ಮು ಕೇಳಿತು. ನಾನು ಹೇಳುವುದನ್ನು ನಿಲ್ಲಿಸಿದೆ.

“ನಿಲ್ಲಸಬ್ಯಾಡ್ರಿ ಮಾಸ್ತರ್ರ,” ಭಾಗಮ್ಮ ಕೈಮುಗಿದಳು. “ನನ್ ಮಗಳು ಹೇಳಾಕತ್ತಾಳ್ರಿ.”

“ನನ್ನಿಂದ ಆಗಂಗಿಲ್ಲ ಆಯಿ,” ಎಂದು ಜಪಮಾಲೆ ಕೆಳಗಿಟ್ಟೆ.

ಆಗ ಮೊದಲರ್ಧ ಹಿಂದಿನ ಬೆಂಚಿನಿಂದ ಕೇಳಿಬಂತು. ಭಾಗಮ್ಮ ಹಿಂತಿರುಗಿ ನೋಡಿದಳು. ಆಮೇಲೆ ಮುಚ್ಚಿದ್ದ ನನ್ನ ಬಾಯಿ ನೋಡಿದಳು. ಆ ದನಿ ನನ್ನದೇ ಆಗಿತ್ತು.

ಆ ವಾರವೇ ನಾನು ಆಳಂದ ಬಿಟ್ಟೆ. ಮತ್ತೆ ಆ ಕಡೆ ಹೋಗಲಿಲ್ಲ. ನನ್ನ ಜಾಗಕ್ಕೆ ಬೇರೆ ಉಪದೇಶಿಯೂ ಬರಲಿಲ್ಲ. ಭಾಗಮ್ಮ ಮಾತ್ರ ಸಾಯುವವರೆಗೂ ಪ್ರತಿ ಭಾನುವಾರ ಹೋಗುತ್ತಿದ್ದಳಂತೆ. ಯಾರು ಜಪಸರ ಹೇಳಿಸುತ್ತಾರೆಂದು ಪಾದ್ರಿಗಳು ಕೇಳಿದಾಗ ಅವಳು ನನ್ನ ಹೆಸರು ಹೇಳಿದಳಂತೆ.