ಕಾಫಿಗೆ ಬಿದ್ದ ಎರಡು ಚಮಚ ಸಕ್ಕರೆ

"ಸಂಜೆಗೆ ಪೊಲೀಸ್ರು ನನ್ನ ಹಿಡ್ಕೊಂಡು ಹೋಯ್ತಾರೆ ಸಾರ್. ನಮ್ಮತ್ತೇನೇ ಕರ್ಸವ್ರೆ!"

ಹಿಂದೂಪುರದ ನೇಕಾರರ ಮನೆಯ ಸೊಸೆ ಹರಿತಾ ಬಾಗಿಲಲ್ಲೇ ಅತ್ತಳು. ನಿವೃತ್ತ ಇನ್‌ಸ್ಪೆಕ್ಟರ್ ಆನಂದಕುಮಾರ್ ಕುರ್ಚಿ ತೋರಿಸಿದರು. ಅವರ ಹಳೆಯ ಜೀಪ್ ಡ್ರೈವರ್ ಓಬುಳೇಶ ನೀರು ತಂದುಕೊಟ್ಟ.

ಅವಳ ಮಾವ ಕೇಶವಯ್ಯ ಏಕಾದಶಿಯ ದಿನ ಮಗ್ಗದ ಮುಂದೆಯೇ ಕುಸಿದಿದ್ದರು. ರಕ್ತದ ಸಕ್ಕರೆ ಪಾತಾಳಕ್ಕಿಳಿದಿತ್ತು. ಆಸ್ಪತ್ರೆಯಲ್ಲಿ ಇನ್ನೂ ಎಚ್ಚರವಾಗಿರಲಿಲ್ಲ.

"ಮಾವ ಸಕ್ಕರೆ ಕಾಯಿಲೆಯ ಇಂಗ್ಲಿಷ್ ಮಾತ್ರೆ ಬಿಟ್ಟು ಎಷ್ಟೋ ತಿಂಗಳಾಯ್ತು. ಬರೀ ಮಧುನಾಶಿನಿ ಎಲೆ ಪುಡಿ. ಅತ್ತೆ ತಮ್ಮ ತಿರುಮಲೇಶ್ ಕಲ್ಯಾಣದುರ್ಗದ ಪಂಡಿತರ ಹತ್ರ ಎಲೆ ತಂದು, ತಾನೇ ಪುಡಿ ಮಾಡಿ ಮಾರ್ತಾನೆ. ಅವತ್ತು ಮಾವ ಪುಡಿ ನೆಕ್ಕಿದ ತಕ್ಷಣ ಕಾಫಿ ಕೊಟ್ಟೆ. ಉಪವಾಸ ಅಂತ ಎರಡು ಚಮಚ ಸಕ್ಕರೆ ಹಾಕಿದ್ದೆ. 'ಪಾನಕ ಮಾಡಿದ್ದೀಯೇನಮ್ಮ' ಅಂತ ಬೈಕೊಂಡೇ ಕುಡುದ್ರು. ಕಾಫಿಗೆ ಹಳೇ ಮಾತ್ರೆ ಕದಡಿ, ಕಹಿ ಮುಚ್ಚೋಕೆ ಸಕ್ಕರೆ ಸುರಿದೆ ಅಂತಾವ್ರೆ ಅತ್ತೆ ಈಗ!"

ಓಬುಳೇಶನಿಗೆ ಮೈಯೆಲ್ಲ ಉರಿಯಿತು. ಕನಿಕರ ತೋರಿಸಿದ್ದಕ್ಕೆ ಕೊಲೆಗಾತಿ ಪಟ್ಟವೇ? ಆನಂದಕುಮಾರ್ ಮಾತ್ರ, "ಪುಡಿ ನೆಕ್ಕಿದ ಮೇಲೂ ಸಿಹಿ ಅಂದ್ರಾ?" ಎಂದು ಇನ್ನೊಮ್ಮೆ ಕೇಳಿ, "ಓಬುಳೇಶ, ಕಲ್ಯಾಣದುರ್ಗಕ್ಕೆ ಹೋಗೋಣ" ಎಂದರು.

ಸಂಜೆ ಕೇಶವಯ್ಯನವರ ನಡುಮನೆಯಲ್ಲಿ ಎಲ್ಲರೂ ಸೇರಿದರು, ತಿರುಮಲೇಶನೂ ಇದ್ದ. ಕಲ್ಯಾಣದುರ್ಗದಿಂದ ಜೊತೆಗೇ ಬಂದಿದ್ದ ಲಕ್ಷ್ಮಣಪ್ಪ ಪಂಡಿತರು ಹರಿತಾಳ ಅತ್ತೆ ಬನಶಂಕರಮ್ಮನಿಗೆ ಒಂದು ಎಲೆ ಅಗಿಯಲು ಕೊಟ್ಟರು, ಆಮೇಲೆ ಸಕ್ಕರೆ.

"ಥೂ, ಮಣ್ಣು ತಿಂದಂಗೈತೆ!"

"ಮಧುನಾಶಿನಿ ನಾಲಿಗೆಗೆ ತಾಕಿದ್ರೆ ಸ್ವಲ್ಪ ಹೊತ್ತು ಸಿಹಿ ಗೊತ್ತಾಗಲ್ಲ ಕಣಮ್ಮ."

ತಿರುಮಲೇಶನ ಪುಡಿ ಓಬುಳೇಶನ ಪಾಲಿಗೆ ಬಂತು. ಕಹಿಯೋ ಕಹಿ. ಆದರೆ ಅದರ ಮೇಲೆ ಬಾಯಿಗೆ ಹಾಕಿಕೊಂಡ ಸಕ್ಕರೆ ಸಿಹಿಯಾಗಿಯೇ ಇತ್ತು.

"ಇದು ಬೇವು," ಎಂದರು ಆನಂದಕುಮಾರ್. "ಮಧುನಾಶಿನಿಯೇ ಇಲ್ಲದ ಪುಡಿಗೆ ಇಷ್ಟು ತಿಂಗಳು ಶುಗರ್ ಇಳಿದದ್ದು ಹೇಗೆ? ಒಳಗೆ ಶುಗರ್ ಮಾತ್ರೆ ಬೆರೆಸಿರಬೇಕು. ಪಂಡಿತರು ಕೊಟ್ಟದ್ದು ಇಡೀ ಎಲೆ, ಅರೆದವನು ಇವನೊಬ್ಬನೇ. ಕೇಶವಯ್ಯ ದಿನಾ ಉಣ್ಣುತ್ತಿದ್ದರು, ಮೈ ತಡೆಯಿತು. ಏಕಾದಶಿ ದಿನ ಬರೀ ಹೊಟ್ಟೆ. ಅವತ್ತು ಪ್ರಾಣ ಹಿಡಿದಿಟ್ಟದ್ದು ಈ ಹುಡುಗಿಯ ಎರಡು ಚಮಚ ಸಕ್ಕರೆ. ಪುಡಿ ಲ್ಯಾಬಿಗೆ ಕಳಿಸಲೇನಪ್ಪ, ತಿರುಮಲೇಶ್?"

"ಜನಕ್ಕೆ ವಾರದಲ್ಲೇ ಇಳೀಬೇಕು ಸಾರ್! ಎಲೆಗೆ ಎಲ್ಲಿ ಇಳೀತೈತೆ? ಮಾತ್ರೆ ಅರೆದು ಹಾಕ್ದೆ. ಬಾವಂದು ಇಳೀತಲ್ಲ?"

"ಪಥ್ಯ ಮಾಡಿ, ನಡೀರಿ, ಡಾಕ್ಟ್ರನ್ನ ಕೇಳ್ದೆ ಮಾತ್ರೆ ಬಿಡಬ್ಯಾಡಿ ಅಂತ ಬಾಯಿ ಬಡ್ಕೊಂಡು ಎಲೆ ಕೊಡ್ತೀನಿ ಕಣ್ಲಾ!" ಪಂಡಿತರು ತಿರುಮಲೇಶನ ಕಡೆ ತಿರುಗಿದರು. "ನನ್ನ ಹೆಸರಲ್ಲಿ ಇದನ್ನ ಮಾರಿದ್ಯಾ?"

ಹೊರಗೆ ಪೊಲೀಸ್ ಜೀಪು ನಿಂತಿತು. ಬನಶಂಕರಮ್ಮ ಸೊಸೆಯ ಕೈ ಹಿಡಿದಳು. "ಏನೋ ತಪ್ಪಾಗೋಯ್ತು, ಪೊಲೀಸ್ರನ್ನ ವಾಪಸ್ ಕಳ್ಸಿಬಿಡಮ್ಮ. ಮನೆ ಮರ್ವಾದೆ..."

"ನನ್ನ ಹಿಡ್ಸೋಕೆ ಕರೆದಾಗ ಎಲ್ಲೋಗಿತ್ತು ಅತ್ತೆ ಆ ಮರ್ವಾದೆ? ರೊದ್ದಂ, ಸೋಮಂದೇಪಲ್ಲಿ, ಎಲ್ಲ ಕಡೆ ಈ ಪುಡಿ ತಿಂತಾವ್ರೆ. ಅವ್ರು ಇವತ್ತು ಉಂಡವ್ರೋ ಇಲ್ವೋ ಯಾರಿಗ್ಗೊತ್ತು?"

ಹರಿತಾ ಕೈ ಕೊಡವಿಕೊಂಡು ಹೋಗಿ ತಾನೇ ಬಾಗಿಲು ತೆರೆದಳು.