ಅಡುಗೆಮನೆಯ ಸ್ಪೀಕರಿಗೊಂದು ಗುಂಡಿ

"ಈ ಗುಂಡಿ ತಿರುಗಿಸಿದ್ರೆ ಒಳಗಿನ ಸ್ಪೀಕರಿನ ಸದ್ದು ಕಡಿಮೆಯಾಗ್ತದೆ" ಎಂದ ರೇಡಿಯೊ ಅಂಗಡಿಯವನು.

"ಜಾಸ್ತಿ ಮಾಡೋಕೆ?" ಎಂದೆ ನಾನು.

"ಜಾಸ್ತಿ ಮಾಡೋದು ಚಾವಡಿಯ ಸೆಟ್ಟಲ್ಲಿ. ಅಲ್ಲಿ ಎಷ್ಟು ಇಟ್ಟಿರ್ತಾರೋ ಅಷ್ಟೇ ಒಳಗೆ ಬರೋದು. ಅದಕ್ಕಿಂತ ಕಡಿಮೆ ಸಾಕು ಅನ್ನಿಸಿದ್ರೆ ಇದು."

"ಅಂದ್ರೆ ಅಪ್ಪ ಇಟ್ಟಷ್ಟು, ಇಲ್ಲದಿದ್ರೆ ಅದಕ್ಕಿಂತ ಕಡಿಮೆ."

"ಹೌದು."

"ಹಾಗಾದ್ರೆ ಬೇಡ. ಕಡಿಮೆ ಮಾಡೋದನ್ನ ಹುಟ್ಟಿದಾಗಿಂದ ಮನೆಯಲ್ಲೇ ಕಲಿಸಿದ್ದಾರೆ. ಅದಕ್ಕೊಂದು ಗುಂಡಿ ಯಾಕೆ?"

ಪಕ್ಕದಲ್ಲಿ ನಿಂತಿದ್ದ ಅಪ್ಪ ಜೋರಾಗಿ ಕೆಮ್ಮಿದರು. ಅಂಗಡಿಯವನ ಬಲಹುಬ್ಬು ಮಾತ್ರ ಮೇಲೆ ಹೋಯಿತು, ಎಡದ್ದು ಇದ್ದಲ್ಲೇ ಇತ್ತು. ಆ ಹುಬ್ಬು ನೋಡಿ ನನಗೆ ಸಿಟ್ಟು ಬಂತು. ಸಿಟ್ಟು ಎಂದೇ ನಾನು ಬಹಳ ದಿನ ನಂಬಿಕೊಂಡಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ಬೆಂಗಳೂರಿನವರು ನಮ್ಮ ಬಗ್ಗೆ ಏನು ಹೇಳುತ್ತಾರೆಂದು ಕೇಳಲು ಮಡಿಕೇರಿಯ ದೊಡ್ಡ ಮನೆಗಳಲ್ಲೆಲ್ಲ ರೇಡಿಯೊ ಬರತೊಡಗಿತ್ತು. ನನ್ನ ಅಪ್ಪ ಸಾಂತಪ್ಪ ಕಾಫಿ ತೋಟದವರು, ಹಿಂದೆ ಬೀಳುವ ಜಾತಿಯಲ್ಲ. ರೇಡಿಯೊ ಗಂಡಸರು ಕೂರುವ ಚಾವಡಿಗೆ. ಹೆಂಗಸರು ಅಲ್ಲಿ ಬಂದು ನಿಲ್ಲಬಾರದೆಂದು ಅಡುಗೆಮನೆಗೆ ವೈರ್ ಎಳೆದು ಒಂದು ಸ್ಪೀಕರ್. ಇಷ್ಟು ಅಪ್ಪನ ಲೆಕ್ಕಾಚಾರ.

"ಇನ್ನೊಂದು ದಾರಿ ಉಂಟು" ಎಂದ ಅವನು, ನನ್ನನ್ನೇ ನೋಡುತ್ತ. "ಸೆಟ್ಟಿನ ಗುಂಡಿಗೆ ಹೋಗೋ ಮುಂಚೆಯೇ ಒಂದು ವೈರ್ ತೆಗೀಬೇಕು. ಒಳಗೆ ಬೇರೆ ಆಂಪ್ಲಿಫೈಯರ್ ಇಡಬೇಕು. ಅದಕ್ಕೆ ಅದರದ್ದೇ ಗುಂಡಿ. ಆಮೇಲೆ ಚಾವಡಿಯಲ್ಲಿ ಎಷ್ಟು ತಿರುಗಿಸಿದ್ರೂ ಒಳಗಿನದಕ್ಕೆ ಏನೂ ಆಗಲ್ಲ."

"ಅದೆಲ್ಲ ಯಾಕೆ?" ಎಂದರು ಅಪ್ಪ.

"ಅಜ್ಜಿಗೆ ಕಿವಿ ಮಂದ ಅಲ್ವಾ ಅಪ್ಪ? ನೀವು ಸಣ್ಣ ಮಾಡಿದ್ರೆ ಅವರಿಗೆ ಒಂದಕ್ಷರ ಕೇಳ್ತದಾ?"

ಹೊನ್ನಮ್ಮಜ್ಜಿ ಅಪ್ಪನ ತಾಯಿ. ಭೂಮಿ ಮೇಲೆ ಅಪ್ಪ ಹೆದರುತ್ತಿದ್ದದ್ದು ಅವರೊಬ್ಬರಿಗೆ. ಅಪ್ಪ ಹೂಂ ಎಂದು ತಲೆಯಾಡಿಸಿದರು. ಅಂಗಡಿಯವನ ಹುಬ್ಬು ಮತ್ತೆ ಮೇಲೆ ಹೋಯಿತು. ಅವನಿಗೆ ಎಲ್ಲ ಅರ್ಥವಾಗಿತ್ತು.

ಅವನ ಹೆಸರು ಧರ್ಮಪಾಲ. ಅಂಗಡಿಯಲ್ಲಿ ಎಲ್ಲರಿಗೂ ಆಗುವ ಕನ್ನಡ ಆಡುತ್ತಿದ್ದವನು ನಮ್ಮ ಮನೆಯ ಮೆಟ್ಟಿಲು ಹತ್ತಿದ ಮೇಲೆ ನಮ್ಮ ಅರೆಭಾಷೆಯಲ್ಲೇ ಮಾತಾಡಿದ. ಊರು ಕರಿಕೆ ಎಂದಾಗ ಅಜ್ಜಿಯ ಮುಖ ಅರಳಿತು, ಅದು ಅವರ ತವರು. ಆದರೆ ಇವನು ಗಡಿಯಾಚೆಯವರ ಜೊತೆ ಆಡಿ ಬೆಳೆದವನು, ಕಾಸರಗೋಡಿನಲ್ಲಿ ಕೆಲಸ ಕಲಿತವನು. ಅವನ ಮಾತಿನಲ್ಲಿ ಅರ್ಧ ಮಲಯಾಳ. ಕೆಲವು ಪದಗಳಿಗೆ ನಾನು ಅವನ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು. ಮುಖ ನೋಡಲು ನನಗೆ ಬೇಸರವೇನೂ ಇರಲಿಲ್ಲ.

ಮೊದಲು ತಂದ ಆಂಪ್ಲಿಫೈಯರ್ ಪೆಟ್ಟಿಗೆ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿತ್ತು. ಬೇಡ ಎಂದೆ. ಆಮೇಲೆ ಸ್ಪೀಕರ್ ಬದಲಾಯಿಸಿ ದೊಡ್ಡದು ತಂದ. ಅದರಲ್ಲಿ ವಾರ್ತೆ ಓದುವವರು ಹಂಡೆಯೊಳಗೆ ಕೂತು ಓದಿದಂತಿತ್ತು. ಅದೂ ಬೇಡ ಎಂದೆ. ಮತ್ತೆ ಬಂದಾಗ ಪೆಟ್ಟಿಗೆ ಚೆನ್ನಾಗಿತ್ತು, ಗುಂಡಿ ಸರಿಯಿರಲಿಲ್ಲ. ಒಂದು ಚೂರು ತಿರುಗಿಸಿದರೆ ಕಿರುಚುತ್ತಿತ್ತು, ಆಮೇಲೆ ಕೊನೆವರೆಗೂ ಅಷ್ಟೇ.

"ಇದೆಂಥ ಗುಂಡಿ? ಒಮ್ಮೆಗೇ ಏರ್ತದೆ."

"ಬೇರೆ ಜಾತಿದು ಹಾಕಿಬಿಟ್ಟೆ. ನನ್ನದೇ ತಪ್ಪು" ಎಂದು ಒಪ್ಪಿಕೊಂಡ. "ನಿಂಗೆ ಹೆಂಗೆ ಏರೊಕು ಹೇಳಿ."

"ನಿಧಾನಕ್ಕೆ. ಕೈ ಹೋದ ಹಾಗೆ."

ಸರಿಯಾದ ಗುಂಡಿ ಹಾಕಿ ತಂದ ದಿನ ಇಬ್ಬರೂ ಪೆಟ್ಟಿಗೆಯ ಮುಂದೆ ಕೂತೆವು. ಅವನು ಗುಂಡಿ ಹಿಡಿದು ತೋರಿಸಿದ, ನಾನೂ ಹಿಡಿದೆ. ಇಬ್ಬರ ಬೆರಳಿಗೂ ಅಲ್ಲಿ ಜಾಗವಿರಲಿಲ್ಲ, ಯಾರೂ ತೆಗೆಯಲಿಲ್ಲ. ಸಿಲೋನಿನಿಂದ ಬರುತ್ತಿದ್ದ ಯಾವುದೋ ಹಾಡು ಸಣ್ಣಗೆ ಶುರುವಾಗಿ ಮೆಲ್ಲಗೆ ಏರಿತು. ಅವನ ಕಿವಿ ಕೆಂಪಗಾಗಿತ್ತು. ನನ್ನದು ಹೇಗಿತ್ತೋ, ನನಗೆ ಕಾಣಿಸಲಿಲ್ಲ.

"ಈಗ ಸರಿ ಉಟ್ಟಾ?"

ಎಲ್ಲ ಸರಿಯಾಗಿತ್ತು. ಆದರೆ ಸರಿ ಎಂದರೆ ಅವನು ನಾಳೆ ಬರುವುದಿಲ್ಲ.

"ಗುಂಯ್ ಅನ್ನುದು ಇನ್ನೂ ಉಟ್ಟು" ಎಂದೆ.

ಅವನು ಸ್ಪೀಕರಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದ. ಆಮೇಲೆ ನನ್ನ ಮುಖ ನೋಡಿದ. ಬಲಹುಬ್ಬು ಮೇಲೆ ಹೋಯಿತು. "ಹೌದು, ಉಟ್ಟು. ನಾಳೆ ಬಂದು ನೋಡೊಕು."

ಸುಳ್ಳು ಹೇಳುವುದರಲ್ಲಿ ನನಗೆ ಜೊತೆ ಸಿಕ್ಕಿತ್ತು. ಅಂದು ಪಾಯಸಕ್ಕೆ ಸಕ್ಕರೆ ಬದಲು ಉಪ್ಪು ಸುರಿದು ಬೈಸಿಕೊಂಡೆ.

ಅದೇ ವಾರ ಅಪ್ಪ ನನ್ನ ಮದುವೆ ಮಾತಾಡಿ ಬಂದರು. ಹುಡುಗ ಕುಶಾಲನಗರದ ನಾಣಯ್ಯ, ಮರದ ವ್ಯಾಪಾರ, ಒಳ್ಳೆಯ ಮನುಷ್ಯ. ಒಳ್ಳೆಯವರು ಎಂದು ಎಲ್ಲರನ್ನೂ ಮದುವೆಯಾಗಲು ಆಗುತ್ತದೆಯೇ? ಭಾನುವಾರ ವೀಳ್ಯಶಾಸ್ತ್ರ ಎಂದರು. ಎರಡು ಕಡೆಯ ಹಿರಿಯರು ಎಲೆ ಅಡಿಕೆ ಬದಲಾಯಿಸಿಕೊಂಡರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಹುಡುಗಿಯನ್ನು ಯಾರೂ ಕೇಳುವುದಿಲ್ಲ, ಅವಳು ಒಳಗಿರುತ್ತಾಳೆ.

ಇಲ್ಲದ ಗುಂಯ್ ಸರಿಮಾಡಲು ಧರ್ಮಪಾಲ ಬಂದಾಗ ನೇರವಾಗಿ ಹೇಳಿಬಿಟ್ಟೆ. "ಭಾನುವಾರ ನನ್ನ ವೀಳ್ಯ."

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಆಮೇಲೆ, "ನಂಗೆ ಅವಸರ ಇಲ್ಲೆ" ಎಂದ.

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಲ್ಲಿ ನನ್ನ ಬದುಕು ಭಾನುವಾರಕ್ಕೆ ಮುಗಿಯುತ್ತಿದೆ, ಈ ಮಹಾರಾಯನಿಗೆ ಅವಸರವಿಲ್ಲವಂತೆ.

"ಇಲ್ವಾ? ಪಾಪ, ನಿಧಾನಕ್ಕೇ ಬನ್ನಿ. ನನ್ನ ಮಗುವಿನ ನಾಮಕರಣಕ್ಕೆ ಬಂದ್ರೂ ಊಟ ಇರ್ತದೆ" ಎಂದೆ.

ಅವನು ಏನೂ ತಿಳಿಯದವನಂತೆ ಕಣ್ಣು ಬಿಟ್ಟ. ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟೇಹೋದ. ನಾನು ಅಜ್ಜಿಯ ಕೋಣೆಗೆ ಹೋಗಿ ಅತ್ತೆ. ಅಳುವಾಗಲೂ ಅವನನ್ನು ಬೈಯುವುದು ಬಿಡಲಿಲ್ಲ.

"ಎಂಥಾತ್ ಕೂಸೆ?" ಎಂದರು ಅಜ್ಜಿ.

ಅವರ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದೆ. "ಅವಸರ ಇಲ್ಲೆ ಅಂದ ಅಜ್ಜಿ, ಅವಸರ ಇಲ್ಲೆ ಅಂದ."

ಅಜ್ಜಿ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. "ಕರಿಕೆ ಬದಿಲಿ ನಮ್ಮ ಮಾತಿಗೆ ಮಲಯಾಳ ಸೇರಿಕೊಂಡುಟ್ಟು. ಅಲ್ಲಿ ಅವಸರ ಅಂದ್ರೆ ಗಡಿಬಿಡಿ ಅಲ್ಲ, ಸಂದರ್ಭ. ನಿನ್ನ ಕೇಳುವ ಸಂದರ್ಭವೇ ನಂಗೆ ಇಲ್ಲೆ ಅಂದದ್ದು, ಪಾಪದವ. ನೀ ಅವನನ್ನ ನಾಮಕರಣಕ್ಕೆ ಕರೆದಿಯಾ?"

ನನಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಬಂತು. ಆದರೆ ಹೆಚ್ಚು ಹೊತ್ತು ನಿಂತದ್ದು ಹಟ. ಅವನಿಗೆ ಸಂದರ್ಭ ಇಲ್ಲದಿದ್ದರೆ ನಾನು ಮಾಡುತ್ತೇನೆ ಎಂದುಕೊಂಡೆ.

ಭಾನುವಾರ ನಾಣಯ್ಯನವರೂ ಅವರ ಕಡೆಯ ನೆಂಟರೂ ಬಂದರು. ಗಾಳಿಗೆ ಏರಿಯಲ್ ಕಳಚಿತ್ತು. ಬೀಗರ ಮುಂದೆ ರೇಡಿಯೊ ಹಾಡಬೇಕೆಂದು ಅಪ್ಪನೇ ಧರ್ಮಪಾಲನನ್ನು ಕರೆಸಿದ್ದರು. ಅವನು ಕಟ್ಟಿ ಮುಗಿಸಿ, ವೈರಿನ ಸುರುಳಿ ಹಿಡಿದು ಚಾವಡಿಯ ಬಾಗಿಲ ಬಳಿ ನಿಂತ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುಖ ಸೊರಗಿತ್ತು.

ಚಾಪೆ ಹಾಸಿ ವೀಳ್ಯದ ತಟ್ಟೆ ಇಟ್ಟರು. ಅಪ್ಪ ರೇಡಿಯೊ ಸಣ್ಣ ಮಾಡಿ ಗಂಟಲು ಸರಿಮಾಡಿಕೊಂಡರು. ಒಳಗೆ ನಾನು ನನ್ನ ಗುಂಡಿಯನ್ನು ಪೂರ್ತಿ ತಿರುಗಿಸಿದೆ.

"ನಮ್ಮ ಹುಡುಗಿ ಯಮುನ..." ಎಂದರು ಅಪ್ಪ.

"ಚೆನ್ನಾಗಿ ಕೊಳೆತ ಹಸುವಿನ ಗೊಬ್ಬರ" ಎಂದಿತು ಅಡುಗೆಮನೆ. ಬೆಂಗಳೂರಿನಿಂದ ಯಾರೋ ಬೇಸಾಯದ ಭಾಷಣ ಮಾಡುತ್ತಿದ್ದರು.

ನೆಂಟರಲ್ಲಿ ಒಬ್ಬರು ನಗು ನುಂಗಿದರು. ಅಪ್ಪ ಎದ್ದು ಚಾವಡಿಯ ಗುಂಡಿಯನ್ನು ಇನ್ನಷ್ಟು ತಿರುಗಿಸಿದರು. ಗೊಬ್ಬರ ನಿಲ್ಲಲಿಲ್ಲ. ಮತ್ತೆ ತಿರುಗಿಸಿದರು. ಚಾವಡಿಯ ಸೆಟ್ಟು ಪೂರ್ತಿ ಮೂಕವಾಯಿತು, ಅಡುಗೆಮನೆ ಬೊಬ್ಬೆ ಹೊಡೆಯುತ್ತಲೇ ಇತ್ತು.

"ಒಳಗೆ ಸಣ್ಣ ಮಾಡಿ" ಎಂದು ಅಪ್ಪ ಕೂಗಿದರು.

ನಾನು ಆರಿಸಿದೆ. ಸೆರಗು ಸರಿಮಾಡಿಕೊಂಡು ಚಾವಡಿಗೆ ಬಂದು ನಿಂತೆ. ಎಲ್ಲರೂ ನನ್ನನ್ನೇ ನೋಡಿದರು.

"ಅಪ್ಪ, ಒಳಗಿನದು ನಿಮ್ಮ ಕೈಲಿ ಇಲ್ಲೆ. ಈ ಮದುವೆಗೆ ನನ್ನ ಒಪ್ಪಿಗೆಯೂ ಇಲ್ಲೆ. ನಾಣಯ್ಯನವರೇ, ನಿಮ್ಮಲ್ಲಿ ಏನೂ ಕೊರತೆ ಇಲ್ಲೆ. ನನ್ನ ಮನಸ್ಸು ಬೇರೆ ಕಡೆ ಉಟ್ಟು."

"ಈಗಲೇ ಹೇಳಿದ್ದು ಒಳ್ಳೇದಾತ್" ಎಂದು ನಾಣಯ್ಯ ಎದ್ದು, ತಮ್ಮವರನ್ನು ಕರೆದುಕೊಂಡು ಮೆಟ್ಟಿಲಿಳಿದರು. ಅವರ ಹಿಂದೆ ಕೈಮುಗಿದೆ.

"ಬೇರೆ ಕಡೆ ಅಂದ್ರೆ ಎಲ್ಲಿ?" ಅಪ್ಪನ ಧ್ವನಿ ಒಡೆದಿತ್ತು.

ನಾನು ಬಾಯಿ ತೆರೆಯುವ ಮುಂಚೆ ಧರ್ಮಪಾಲ ವೈರಿನ ಸುರುಳಿ ಕೆಳಗಿಟ್ಟ. "ಸಾಂತಪ್ಪಣ್ಣ, ನಾ ಬಂದದ್ದು ಏರಿಯಲ್ ಕಟ್ಟಿಕೆ. ಈಗ ಕೇಳುದು ಬೇರೆ. ಯಮುನನ ನಂಗೆ ಕೊಡಿ."

"ಬಾಡಿಗೆ ಅಂಗಡಿಯವನಿಗಾ? ಕೊಡುದಿಲ್ಲೆ."

"ಕೊಡೋಕೆ ನಾನು ಕಾಫಿ ಮೂಟೆಯಾ ಅಪ್ಪ?" ಎಂದೆ.

ಅಪ್ಪ ಗೋಡೆಯ ಕಡೆ ಮುಖ ಮಾಡಿದರು. ಅಜ್ಜಿ ಒಳಬಾಗಿಲಲ್ಲಿ ಬಂದು ನಿಂತಿದ್ದರು, ತಡೆಯಲಿಲ್ಲ. ವೀಳ್ಯದ ತಟ್ಟೆ ಚಾಪೆಯ ಮೇಲೆ ಹಾಗೇ ಇತ್ತು.

ಹುಡುಗಿ ವೀಳ್ಯ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪನ ಕಾಲದಲ್ಲಿ ಇರಲಿಲ್ಲ, ಅಜ್ಜಿಯ ಕಾಲದಲ್ಲೂ ಇರಲಿಲ್ಲ. ನಾನು ಬಗ್ಗಿ ತಟ್ಟೆ ಎತ್ತಿಕೊಂಡೆ. ಚಾವಡಿ ದಾಟಿ ಅವನ ಮುಂದೆ ಹೋಗಿ ಚಾಚಿದೆ.

"ಹಿಡೀರಿ" ಎಂದೆ.

ಧರ್ಮಪಾಲ ಎರಡೂ ಕೈಯಲ್ಲಿ ಹಿಡಿದ. ತಟ್ಟೆಯ ಮೇಲೆ ಅಡಿಕೆ ಗಲಗಲ ಎಂದಿತು. ಈ ಸಲ ಅವನ ಎರಡೂ ಹುಬ್ಬು ಮೇಲೆ ಹೋದವು.